ರಿಪೋರ್ಟ್ ಮೊದಲು ಮೊಬೈಲಿಗೆ, ಆಮೇಲೆ ಡಾಕ್ಟರಿಗೆ: ಇದು ಸರೀನಾ? (ಬೆಂಗಳೂರಿಗರ ಒಂದು ಆನ್‌ಲೈನ್ ಚರ್ಚೆ)

ಮಲ್ಲೇಶ್ವರದ ಸೊಸೆ: ಮಾವನಿಗೆ ಜ್ವರ ಅಂತ ರಕ್ತ ಕೊಟ್ಟು ಬಂದಿದ್ದೆವು. ರಾತ್ರಿ ಹತ್ತೂವರೆಗೆ ವಾಟ್ಸಾಪಲ್ಲಿ ರಿಪೋರ್ಟ್ ಬಂತು. ಡೆಂಗ್ಯೂ ಪಾಸಿಟಿವ್, ಪ್ಲೇಟ್‌ಲೆಟ್ 92,000. ಡಾಕ್ಟರ್ ಸಿಗೋದು ಬೆಳಿಗ್ಗೆಯೇ. ಮನೆಯವರೆಲ್ಲ ಒಂದೊಂದು ಮೊಬೈಲ್ ಹಿಡಿದು ಕೂತರು. ಮೈದುನ ಈಗಲೇ ಅಡ್ಮಿಟ್ ಮಾಡೋಣ ಅಂದ. ಅತ್ತೆ ಪರಂಗಿ ಎಲೆ ಹುಡುಕಿಸಿದರು. ಬೆಳಿಗ್ಗೆ ಡಾಕ್ಟರ್ "ಗೂಗಲ್ ನೋಡ್ಕೊಂಡು ಬರಬೇಡಿ" ಅಂತ ಗದರಿದರು. ಮಾವ ಈಗ ಆರಾಮ. ಆದರೆ ಆ ರಾತ್ರಿ ನೋಡದೆ ಇನ್ನೇನು ಮಾಡಬೇಕಿತ್ತು, ಹೇಳಿ?

ನಿವೃತ್ತ ಮೇಷ್ಟ್ರು: ಸುಮ್ನೆ ಮಲಗಬೇಕಿತ್ತು ಕಣಮ್ಮ. ತಲೆನೋವು ಅಂತ ಹುಡುಕಿದರೆ ಬ್ರೈನ್ ಟ್ಯೂಮರ್‌ವರೆಗೆ ಹೋಗಿ ನಿಲ್ಲುತ್ತೆ. ನಮ್ಮ ಕಾಲದಲ್ಲಿ ಗಾಂಧಿಬಜಾರಿನಲ್ಲಿ ಒಬ್ಬರು ಡಾಕ್ಟರಿದ್ದರೆ ಇಡೀ ಬೀದಿಗೆ ಸಾಕಾಗ್ತಿತ್ತು.

ಎಚ್‌ಎಸ್‌ಆರ್ ಟೆಕ್ಕಿ: ಮೇಷ್ಟ್ರೇ, ಅಂಥ ಡಾಕ್ಟರು ಈಗ ಎಲ್ಲಿದ್ದಾರೆ? ನಮ್ಮ ಕಡೆ ಟೋಕನ್ ತಗೊಂಡು ಒಂದೂವರೆ ಗಂಟೆ ಕಾದರೆ ಐದು ನಿಮಿಷ ಸಿಗುತ್ತೆ. ಹೀಗೆ ಮೊಬೈಲಲ್ಲಿ ಹುಡುಕೋದೇನು ಬರೀ ನಮ್ಮೂರಿನ ಖಯಾಲಿಯೂ ಅಲ್ಲ. ಅಮೆರಿಕದಲ್ಲಿ ಸಮೀಕ್ಷೆ ಮಾಡೋ ಪ್ಯೂ ಸಂಸ್ಥೆ 2010ರಲ್ಲಿ ಕೇಳಿದಾಗ, ಮೊಬೈಲ್ ಇದ್ದವರಲ್ಲಿ ಶೇ. 17 ಜನ ಅದರಲ್ಲಿ ಆರೋಗ್ಯದ ಮಾಹಿತಿ ಹುಡುಕಿದ್ದರು. 2012ಕ್ಕೆ ಅದು ಶೇ. 31 ಆಯ್ತು. ನಮ್ಮಲ್ಲಿ 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗ ಆಯ್ತು, ಈಗ ಹೂ ಮಾರುವವರ ಕೈಯಲ್ಲೂ ಸ್ಮಾರ್ಟ್‌ಫೋನ್. ಹುಡುಕಬೇಡಿ ಅಂದರೆ ಯಾರು ಕೇಳ್ತಾರೆ?

ಲ್ಯಾಬ್ ಹುಡುಗ: ಅರ್ಧ ಗಾಬರಿಗೆ ನಮ್ಮ ರಿಪೋರ್ಟೇ ಕಾರಣ. ನಾರ್ಮಲ್ ರೇಂಜಿನಿಂದ ಒಂಚೂರು ಕೆಳಗೆ ಹೋದರೂ ಸಾಫ್ಟ್‌ವೇರ್ ದಪ್ಪ ಅಕ್ಷರದಲ್ಲಿ 'ಲೋ' ಅಂತ ಹಾಕುತ್ತೆ. ಪ್ಲೇಟ್‌ಲೆಟ್ 1,48,000 ಇದ್ದರೂ ಲೋ, 20,000 ಇದ್ದರೂ ಅದೇ ಲೋ. ರಾತ್ರಿ ಕೌಂಟರಿಗೆ ಫೋನ್ ಮಾಡಿ "ಏನೂ ತೊಂದರೆ ಇಲ್ವಾ ಸರ್?" ಅಂತ ಕೇಳ್ತಾರೆ. ನಾವು ಉತ್ತರ ಹೇಳೋ ಹಾಗಿಲ್ಲ.

ಆಟೋ ಶಿವು: ನಂಗೆ ಇಂಗ್ಲಿಷ್ ಓದೋಕೆ ಬರಲ್ಲ. ಮೈಕ್ ಒತ್ತಿ ಕನ್ನಡದಲ್ಲೇ ಕೇಳ್ತೀನಿ. ಬರೋದು ಬರೀ ವಿಡಿಯೋ. ಶುಗರ್ ಮೂರೇ ದಿನದಲ್ಲಿ ಮಾಯ ಅಂತೆ! ಹಾಗಲಕಾಯಿ ರಸ, ನೆನೆಸಿದ ಮೆಂತ್ಯ. ಟೆಕ್ಕಿ ಅಣ್ಣಂಗೆ ಸಿಗೋ ಗೂಗಲ್ಲೇ ಬೇರೆ, ನಂಗೆ ಸಿಗೋದೇ ಬೇರೆ.

ವಿಜಯನಗರದ ವೈದ್ಯೆ: ಶಿವು ಹೇಳಿದ್ದೇ ಅಸಲಿ ವಿಷಯ. ಗದರಿದ ಡಾಕ್ಟರ ಪರ ನಾನು ನಿಲ್ಲಲ್ಲ. ಆದರೆ ಆ ರಾತ್ರಿ ನಿಮ್ಮ ಮನೆಯವರೆಲ್ಲ ಪ್ಲೇಟ್‌ಲೆಟ್ ಸಂಖ್ಯೆಯ ಹಿಂದೆ ಬಿದ್ದಿರಿ. ರಕ್ತಸ್ರಾವ ಇಲ್ಲದಿದ್ದರೆ 92,000ಕ್ಕೆ ಯಾರೂ ಪ್ಲೇಟ್‌ಲೆಟ್ ಏರಿಸಲ್ಲ. ಸಾಮಾನ್ಯವಾಗಿ 10,000ಕ್ಕಿಂತ ಕೆಳಗಿಳಿದಾಗ ಆ ಮಾತು. ನೋಡಬೇಕಿದ್ದದ್ದು ಮಾವನನ್ನ: ಜೋರು ಹೊಟ್ಟೆನೋವು ಇದೆಯಾ, ವಾಂತಿ ನಿಲ್ತಿಲ್ವಾ, ವಸಡಲ್ಲಿ ರಕ್ತ ಬರ್ತಿದೆಯಾ, ಏಳೋಕಾಗದಷ್ಟು ಸುಸ್ತಾ? ಒಂದಿದ್ದರೂ ರಾತ್ರಿಯೇ ಆಸ್ಪತ್ರೆಗೆ. ಜ್ವರ ಇಳಿಯೋ ಹೊತ್ತಲ್ಲೇ ಇವು ಕಾಣಿಸಿಕೊಳ್ಳೋದು ಜಾಸ್ತಿ. ಜನ ಜ್ವರ ಬಿಡ್ತು ಅಂತ ನಿರಾಳ ಆಗೋದೂ ಆಗಲೇ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಬ್ರುಫೆನ್, ಆಸ್ಪಿರಿನ್ ಬೇಡ. ಹೃದಯಕ್ಕೆ ಅಂತ ಮೊದಲಿಂದಲೂ ಆಸ್ಪಿರಿನ್ ತಗೊಳ್ತಿದ್ದರೆ ಡಾಕ್ಟರನ್ನ ಕೇಳಿ.

ಮಲ್ಲೇಶ್ವರದ ಸೊಸೆ: ಇಷ್ಟನ್ನ ಆ ರಿಪೋರ್ಟಿನ ಕೆಳಗೇ ಹಾಕಬಾರದಾ? ಜಾಗ ಬೇಕಾದಷ್ಟಿದೆ. ಫುಲ್ ಬಾಡಿ ಚೆಕಪ್ ಜಾಹೀರಾತು ಹಾಕಿರ್ತಾರೆ.

ನಿವೃತ್ತ ಮೇಷ್ಟ್ರು: ಡಾಕ್ಟರಮ್ಮ ಹೇಳಿದ್ದು ಚೆನ್ನಾಗಿದೆ. ಆದರೆ ಬರೆದವರು ನಿಜವಾಗಿ ಡಾಕ್ಟರು ಅಂತ ನಂಗೆ ಹೇಗೆ ಗೊತ್ತಾಗಬೇಕು? ಹಾಗಲಕಾಯಿಯವನೂ ಬಿಳಿ ಕೋಟು ಹಾಕ್ಕೊಂಡೇ ಕೂತಿರ್ತಾನೆ.

ವಿಜಯನಗರದ ವೈದ್ಯೆ: ಸರಿಯಾಗಿ ಕೇಳಿದಿರಿ ಸರ್. ನನ್ನನ್ನೂ ನಂಬಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಡೆಂಗ್ಯೂ ಪುಟ ತೆಗೆದು ತಾಳೆ ನೋಡಿ.

ಆಟೋ ಶಿವು: ಅದು ಕನ್ನಡದಲ್ಲಿದ್ಯಾ ಮೇಡಂ?

ವಿಜಯನಗರದ ವೈದ್ಯೆ: ಇಲ್ಲ ಶಿವು. ನಾನು ಬರೆದದ್ದನ್ನ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ. ನಿಮ್ಮ ವಾರ್ಡಿನಲ್ಲಿರೋ ಸರ್ಕಾರದ 'ನಮ್ಮ ಕ್ಲಿನಿಕ್'ನಲ್ಲಿ ತೋರಿಸಿ, ಸರೀನಾ ಅಂತ ಕೇಳಿ.