ಅಂಗಡಿಯಲ್ಲಿ ಹಿರಿಯರಿಗೂ ಹುಡುಗರಿಗೂ ಸರಿಹೋಗುತ್ತಿಲ್ಲ, ಏನು ಮಾಡುವುದು?

ಬದಿಯಡ್ಕ ಕಡೆಯವ

ನಮಸ್ಕಾರ. ನಮ್ಮದು ಕೇರಳದ ಕಾಸರಗೋಡು ಕಡೆ, ಕೃಷಿಕರಿಂದ ಅಡಿಕೆ ಕೊಳ್ಳುವ ಸಣ್ಣ ಅಂಗಡಿ. ಅಪ್ಪ ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಕೆಲಸಕ್ಕೆ ಆರು ಜನ. ಅದರಲ್ಲಿ ಒಬ್ಬರು ಅಪ್ಪನ ಕಾಲದಿಂದಲೂ ಇರುವವರು, 64 ವರ್ಷ, ನಾನು ಮಾವ ಎಂದೇ ಕರೆಯುವುದು. ಒಂದು ಮುಷ್ಟಿ ಅಡಿಕೆ ಕೈಯಲ್ಲಿ ಅಲ್ಲಾಡಿಸಿದರೆ ಸದ್ದಿನಲ್ಲೇ ಒಣಗಿದೆಯೋ ಇಲ್ಲವೋ ಹೇಳುತ್ತಾರೆ. ಇನ್ನೊಬ್ಬ 23ರ ಹುಡುಗ, ಬಿಕಾಂ ಆದವ. ಜಿಎಸ್‌ಟಿ, ಮಂಗಳೂರಿಗೆ ಲೋಡು ಹೋಗುವಾಗ ಇ-ವೇ ಬಿಲ್ಲು (ಮಾಲು ಸಾಗಿಸಲು ಆನ್‌ಲೈನಿನಲ್ಲಿ ಮಾಡುವ ಬಿಲ್ಲು) ಎಲ್ಲ ಅವನದೇ. ಆ ಬಿಲ್ಲಿಲ್ಲದೆ ಲೋಡನ್ನು ತಲಪಾಡಿಯ ಗಡಿ ದಾಟಿಸುವ ಹಾಗಿಲ್ಲ, ಗೊತ್ತಲ್ವಾ.

ಕಳೆದ ವಾರ ಒಬ್ಬ ಕೃಷಿಕರು ನಾಲ್ಕು ಗೋಣಿ ಚಾಲಿ (ಬಿಸಿಲಲ್ಲಿ ಒಣಗಿಸಿ ಸುಲಿದ ಅಡಿಕೆ) ತಂದರು. ಹುಡುಗ ಹಿಂದಿನ ರಾತ್ರಿಯೇ ವಾಟ್ಸಾಪಿನಲ್ಲಿ ಧಾರಣೆ ಹೇಳಿಬಿಟ್ಟಿದ್ದ. ಮಾವ ಗೋಣಿಯ ಅಡಿಯಿಂದ ನಾಲ್ಕು ಅಡಿಕೆ ತೆಗೆದು, ಅಡಕತ್ತರಿಯಲ್ಲಿ ಕತ್ತರಿಸಿ, ಮೂಸಿ ನೋಡಿ "ಮೇಲಿನದ್ದು ಮಾತ್ರ ಒಣಗಿದೆ, ಈ ರೇಟಿಗೆ ಆಗುವುದಿಲ್ಲ" ಎಂದರು. ಕೃಷಿಕರು ಮೊಬೈಲು ತೋರಿಸಿದರು. ಅವರ ಎದುರೇ ಇಬ್ಬರಿಗೂ ಮಾತಿಗೆ ಮಾತು ಬೆಳೆಯಿತು, ಅವರು ಗೋಣಿ ಜೀಪಿಗೆ ಹಾಕಿಕೊಂಡು ಹೋದರು.

ಇನ್ನೊಂದು, ಭಾಷೆಯದ್ದು. ಮಾವ ಲೆಕ್ಕದ ಪುಸ್ತಕ ಬರೆಯುವುದು ಕನ್ನಡ ಅಂಕಿಯಲ್ಲಿ. ಹುಡುಗ ಓದಿದ್ದು ಮಲಯಾಳದಲ್ಲಿ, ಕನ್ನಡ ಮಾತಾಡುತ್ತಾನೆ ಅಷ್ಟೆ. ೬ ಮತ್ತು ೯ ಅವನಿಗೆ ಒಂದೇ ತರ ಕಾಣುತ್ತದೆ. 66 ಕಿಲೊ ಇದ್ದದ್ದು ಕಂಪ್ಯೂಟರಿನಲ್ಲಿ 96 ಆಯಿತು. ಮಾವ ಎರಡು ದಿನ ಅವನ ಹತ್ತಿರ ಮಾತಾಡಲಿಲ್ಲ. ಈಗ ಹುಡುಗ ಭಾನುವಾರ ರಜೆ ಬೇಕೇ ಬೇಕು ಎನ್ನುತ್ತಾನೆ, ಅದಕ್ಕೂ ಮಾವನಿಗೆ ಸಿಟ್ಟು. ನನಗೆ ಇಬ್ಬರೂ ಬೇಕು. ಯಾರಾದರೂ ದಾರಿ ಹೇಳಿ.

ನೀರ್ಚಾಲು

ನಾನು ಒಂದು ಸಹಕಾರಿ ಸಂಘದಲ್ಲಿ 31 ವರ್ಷ ದುಡಿದು ನಿವೃತ್ತನಾದವ. ಕಂಪ್ಯೂಟರು ಬಂದ ದಿನ ನನ್ನ ಮೇಜು ಖಾಲಿ ಮಾಡಿ ಅಲ್ಲಿ ಹೊಸ ಹುಡುಗಿಯನ್ನು ಕೂರಿಸಿದರು. ಒಂದು ಮಾತು ಮೊದಲೇ ಹೇಳಿದ್ದರೆ ನಾನೇ ಎದ್ದು ಜಾಗ ಬಿಡುತ್ತಿದ್ದೆ. ನಿಮ್ಮ ಮಾವನಿಗೂ ಅದೇ ನೋವು ಎಂದು ನನಗೆ ಕಾಣುತ್ತದೆ. ಇಷ್ಟು ವರ್ಷ ಧಾರಣೆ ಹೇಳುತ್ತಿದ್ದವರು ಅವರು, ಈಗ ಅವರಿಗೆ ತಿಳಿಯುವ ಮೊದಲೇ ಅದು ಊರಿಗೆಲ್ಲ ಹೋಗಿರುತ್ತದೆ.

ಹುಡುಗ ಮೆಸೇಜು ಹಾಕಲಿ, ತೊಂದರೆ ಇಲ್ಲ. ಆದರೆ "ಮಾಲು ನೋಡಿದ ಮೇಲೆ ಧಾರಣೆ" ಎಂಬ ಒಂದು ಸಾಲು ಅದರಲ್ಲಿ ಇರಲೇಬೇಕು. ನೋಡುವುದು ಮಾವ. ಮತ್ತೆ, ಕೃಷಿಕರ ಎದುರು ಒಬ್ಬರನ್ನೊಬ್ಬರು ತಿದ್ದುವುದು ಬೇಡ ಮಾರಾಯ್ರೆ, ಅದನ್ನು ಇಬ್ಬರಿಗೂ ನೀವೇ ಹೇಳಬೇಕು.

ಉಪ್ಪಳದ ಹುಡುಗಿ

ಆ ಹುಡುಗನ ಪ್ರಾಯದವಳೇ ನಾನು, ಲೆಕ್ಕ ಬರೆಯುವ ಕೆಲಸ. ಅಣ್ಣ, ಬೇಜಾರು ಮಾಡಬೇಡಿ, ಒಂದು ಕೇಳುತ್ತೇನೆ. ಅಡಿಕೆಯ ತರಗಳಲ್ಲಿ ಪಟೋರ ಯಾವುದು, ಉಳ್ಳಿ ಯಾವುದು, ಕೋಕ ಯಾವುದು ಎಂದು ಅವನಿಗೆ ಯಾರಾದರೂ ಕೂರಿಸಿ ತೋರಿಸಿದ್ದೀರಾ? ನಮಗೆ ಯಾರೂ ಹೇಳಿಕೊಡುವುದಿಲ್ಲ. ತಪ್ಪಾದ ಮೇಲೆ "ಇಷ್ಟೂ ಗೊತ್ತಿಲ್ವಾ" ಎನ್ನುತ್ತಾರೆ. ಗೊತ್ತಿಲ್ಲ ಅಂತಲೇ ಅಲ್ವಾ ಕೇಳುವುದು? ನನಗೆ ನಮ್ಮ ಆಫೀಸಿನ ಹಿರಿಯ ಅಕ್ಕ ಒಬ್ಬರು ದಿನಾ ಊಟದ ನಂತರ ಹತ್ತು ನಿಮಿಷ ಹಳೆ ರಿಜಿಸ್ಟರು ಬಿಚ್ಚಿ ಹೇಳಿಕೊಟ್ಟರು. ಅವರ ಪೆನ್ಶನ್ ಅರ್ಜಿ ಆನ್‌ಲೈನಿನಲ್ಲಿ ಹಾಕಿಕೊಟ್ಟದ್ದು ನಾನು. ಅವರು ರಿಟೈರ್ ಆದ ಮೇಲೂ ನನಗೆ ಫೋನು ಮಾಡುತ್ತಾರೆ.

ಜವಳಿಯಂಗಡಿ, ಕುಂಬಳೆ

ರಜೆ ವಿಷಯದಲ್ಲಿ ಹುಡುಗ ಹೇಳುವುದೇ ಸರಿ. ಕೇರಳದ ಅಂಗಡಿ ಕಾನೂನು 1960ರದ್ದು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ, ವಾರದಲ್ಲಿ ಒಂದು ಇಡೀ ದಿನ ರಜೆ. ಅದು ಮಾವನಿಗೂ ಸಿಗಬೇಕು, ಅವರು ಕೇಳದಿದ್ದರೂ ಕೊಡಿ. 2018ರಲ್ಲಿ ಕೆಲಸದವರಿಗೆ ಕೂರಲು ವ್ಯವಸ್ಥೆ ಇರಬೇಕು ಎಂದೂ ಸೇರಿಸಿದರು. ನಮ್ಮಲ್ಲಿ ಮೊದಲು ದಿನವಿಡೀ ನಿಂತೇ ಸೀರೆ ತೋರಿಸಬೇಕಿತ್ತು. ಕುರ್ಚಿ ಬಂದಾಗ ಹಳಬರಾದ ನಾವು ನಾಲ್ಕು ಜನ ಕೂರಲು ಹೆದರಿದೆವು, ಮೊದಲು ಕೂತದ್ದು ಹೊಸ ಹುಡುಗಿಯರು. ಅವರು ಕೂತರು ಅಂತ ನನಗೆ ಆಗ ಸಿಟ್ಟು ಬಂದಿತ್ತು. ಈಗ ಮಂಡಿನೋವು ಜಾಸ್ತಿಯಾಗಿದೆ, ಆ ಮಕ್ಕಳಿಂದ ನನಗೂ ಉಪಕಾರವೇ ಆಯಿತು.

ಬದಿಯಡ್ಕ ಕಡೆಯವ

ಎಲ್ಲರಿಗೂ ಉಪಕಾರ. ಉಪ್ಪಳದ ತಂಗಿ, ನೀವು ಕೇಳಿದ್ದು ನಿಜ, ತೋರಿಸಿರಲಿಲ್ಲ. ಮೊನ್ನೆ ಮಾವನ ಹತ್ತಿರ "ನೀವು ಹೇಳಿಕೊಡದಿದ್ದರೆ ಇದು ನಿಮ್ಮ ಜೊತೆಗೇ ಹೋಗುತ್ತದೆ, ನನಗೂ ಅರ್ಧ ಮಾತ್ರ ಗೊತ್ತಿರುವುದು" ಎಂದೆ. ಅವರು ಏನೂ ಹೇಳಲಿಲ್ಲ. ಮರುದಿನ ಮನೆಯಿಂದ ಐದು ಖಾಲಿ ಬಾಟ್ಲಿ ತಂದರು. ಒಂದೊಂದರಲ್ಲಿ ಒಂದೊಂದು ತರದ ಅಡಿಕೆ ತುಂಬಿಸಿ ಕನ್ನಡದಲ್ಲಿ ಚೀಟಿ ಅಂಟಿಸಿದರು. ಹುಡುಗ ಅದರ ಕೆಳಗೆ ಮಲಯಾಳದಲ್ಲಿ ಬರೆದ. ತೂಕದ ಪುಸ್ತಕಕ್ಕೆ ಇನ್ನು ಇಂಗ್ಲಿಷ್ ಅಂಕಿಯೇ, ಅದಕ್ಕೆ ಮಾವ ಒಪ್ಪಿದರು.

ವಾರದ ರಜೆ ಇಬ್ಬರಿಗೂ ಕೊಟ್ಟೆ. ಈ ಭಾನುವಾರ ಹುಡುಗ ಬರಲಿಲ್ಲ. ಮಾವ ಮಾತ್ರ ಎಂಟು ಗಂಟೆಗೇ ಬಂದು ಬಾಗಿಲ ಹತ್ತಿರ ನಿಂತಿದ್ದರು. ಅವರನ್ನು ಮನೆಯಲ್ಲಿ ಕೂರಿಸುವುದು ಹೇಗೆ ಎಂದು ಯಾರಿಗಾದರೂ ಗೊತ್ತಿದ್ದರೆ ಹೇಳಿ.