ಅಜ್ಜಿಯ ವೀಣೆ: ಹೊಸ ಮೇಳ ಕಟ್ಟಿಸಿದ ಮೇಲೂ ತಾರ ಷಡ್ಜ ಸೇರುತ್ತಿಲ್ಲ

ಮಲೆನಾಡ_ವೀಣೆ: ಸಾಕಾಗಿ ಹೋಗಿದೆ. ಅಜ್ಜಿಯ ಹಳೇ ವೀಣೆಗೆ ಹೋದ ದೀಪಾವಳಿಗೆ ಮೇಳ ಕಟ್ಟಿಸಿದೆ, ಅಂದರೆ ಸ್ವರ ಹಿಡಿಯುವ ಮೆಟ್ಟಿಲುಗಳನ್ನು ಮೇಣದಲ್ಲಿ ಹೊಸದಾಗಿ ಕೂರಿಸಿದ್ದು. ಆಗ ಚೆನ್ನಾಗಿಯೇ ಇತ್ತು. ಈಗ ಕೆಳಗಿನ ಸ್ವರಗಳು ಪರವಾಗಿಲ್ಲ, ತಾರ ಷಡ್ಜ (ಮೇಲಿನ ಸ) ಇಳಿದೇ ಕೇಳುತ್ತದೆ. ಅದರ ಮೇಲಕ್ಕೆ ಹೋದರಂತೂ ಕೇಳುವುದೇ ಬೇಡ. ಮತ್ತೆ ಕಟ್ಟಿಸಲೇಬೇಕಾ? ಕಟ್ಟುವವರು ಇಲ್ಲಿ ಸಿಗುವುದೇ ಇಲ್ಲ.

ಸಾರಣಿ: ಮೇಣ ಸಡಿಲವಾಗಿದೆ. ಬಿಸಿಲಲ್ಲಿ ಕಾರಿನೊಳಗೆ ಇಟ್ಟಿದ್ದಿರಾ?

ಮಲೆನಾಡ_ವೀಣೆ: ಇಲ್ಲ, ಮನೆ ಬಿಟ್ಟು ಹೊರಗೆ ಹೋಗಿಲ್ಲ.

ಸಾರಣಿ: ಹಾಗಾದರೆ ಮೇಣವೇ ಕಲಬೆರಕೆ. ಒಳ್ಳೆ ಜೇನುಮೇಣ ಕರಗುವುದು 62 ಡಿಗ್ರಿ ದಾಟಿದ ಮೇಲೆ. 24 ಮೆಟ್ಟಿಲೂ ಕಿತ್ತು ಹೊಸದಾಗಿ ಕೂರಿಸಿ.

ತಂತಿ_ಮೀಟು: ಈ ತಾಪತ್ರಯವೇ ಬೇಡ ಅಂತ ನಾನು ಸ್ಕ್ರೂ ಮೆಟ್ಟಿಲಿನ ವೀಣೆ ತಗೊಂಡೆ.

ಸಾರಣಿ: ಅದರಲ್ಲಿ ಆ ನಾದ ಎಲ್ಲಿ ಬರುತ್ತದೆ?

ತಂತಿ_ಮೀಟು: ಎರಡನ್ನೂ ಕಣ್ಣು ಮುಚ್ಚಿ ಕೇಳಿ ಹೇಳಿ, ನೋಡೋಣ.

ಹಳೇ_ಬಿರಡೆ: ಇಬ್ಬರೂ ಸ್ವಲ್ಪ ತಡೆಯಿರಿ. ಮೇಣ ಸಡಿಲವಾದರೆ ಒಂದು ಮೆಟ್ಟಿಲು ಏರುತ್ತದೆ, ಇನ್ನೊಂದು ಇಳಿಯುತ್ತದೆ. ಇವರಿಗೆ ಮೇಲೆ ಹೋದಷ್ಟೂ ಇಳಿಯುತ್ತಿದೆ. ತಂತಿಗಳನ್ನು ಹೊತ್ತಿರುವ ಕುದುರೆ, ತಂತಿಯ ತುದಿ ಕಟ್ಟುವ ನಾಗಪಾಶದ ಕಡೆಗೆ ಸರಿದಿರಬೇಕು. ಮೇಡಂ, ಈಚೆಗೆ ತಂತಿ ಬದಲಾಯಿಸಿದಿರಾ?

ಮಲೆನಾಡ_ವೀಣೆ: ಹೌದು, ಏಳೂ ತಂತಿಗೆ ತುಕ್ಕು ಹಿಡಿದಿತ್ತು. ಎಲ್ಲ ಬಿಚ್ಚಿ, ಒರೆಸಿ, ಹೊಸದು ಹಾಕಿದೆವು. ಮೇಳಕ್ಕೂ ಅದಕ್ಕೂ ಏನು ಸಂಬಂಧ?

ಹಳೇ_ಬಿರಡೆ: ಇರುವುದೇ ಅಲ್ಲಿ. ನಿಮ್ಮ ಕುದುರೆ ಅಂಟು ಹಾಕಿದ್ದಲ್ಲದಿದ್ದರೆ ಅದನ್ನು ಹಿಡಿದಿರುವುದು ತಂತಿಯ ಒತ್ತಡ. ಒಟ್ಟಿಗೆ ಬಿಚ್ಚಿದರೆ ಜಾಗ ತಪ್ಪುತ್ತದೆ, ಒಂದೊಂದಾಗಿ ಬದಲಾಯಿಸಬೇಕು. ಮೇರುವಿನಿಂದ (ಬಿರಡೆಗಳ ಕಡೆ ತಂತಿ ಕೂರುವ ಪಟ್ಟಿ) ತಾರ ಷಡ್ಜದ 12ನೇ ಮೆಟ್ಟಿಲಿಗೆ ಎಷ್ಟಿದೆ, ಅಲ್ಲಿಂದ ಕುದುರೆಗೆ ಎಷ್ಟಿದೆ, ಅಳೆಯಿರಿ. ಹೆಚ್ಚುಕಮ್ಮಿ ಸಮ ಇರಬೇಕು. ಒತ್ತಿದಾಗ ತಂತಿ ಬಿಗಿಯಾಗುತ್ತದಲ್ವಾ, ಅದಕ್ಕೆ ಕುದುರೆ ಕಡೆ ಒಂದು ಚೂರು ಜಾಸ್ತಿ. ತಂತಿಗಳನ್ನು ಸಡಿಲಿಸಿ, ಪೂರ್ತಿ ಬಿಚ್ಚಬೇಡಿ. ಪಕ್ಕದ ತಾಳದ ತಂತಿಗಳನ್ನು ಹೊತ್ತ ಕಮಾನಿಗೆ ಸ್ಕ್ರೂ ಇದ್ದರೆ ಅದನ್ನೂ ಸಡಿಲಿಸಿ. ಕುದುರೆಯನ್ನು ಸ್ವಲ್ಪ ಸ್ವಲ್ಪವೇ ಮೇರುವಿನ ಕಡೆ ತಳ್ಳಿ. ಪ್ರತಿ ಸಲ ಶ್ರುತಿ ಮಾಡಿಯೇ ಕೇಳಿ. ಹಳೇ ವೀಣೆ ಆದ್ದರಿಂದ ಕುದುರೆ ಕಾಲಿನ ಗುರುತು ಪಾಲಿಶ್ ಮೇಲೆ ಇದ್ದರೂ ಇರಬಹುದು. ಹೊಸ ತಂತಿ ಹಳೇ ಗೇಜಿನದೇ (ಅದೇ ದಪ್ಪದ್ದೇ) ತಾನೇ?

ಸಾರಣಿ: ಆದರೂ ಮೇಣ ಒಂದು ಸಲ ತೋರಿಸಿ.

ಮಲೆನಾಡ_ವೀಣೆ: ಗುರುತು ಇತ್ತು ಸರ್! ಕುದುರೆ ಅದಕ್ಕಿಂತ ಹಿಂದೆ ಕೂತಿತ್ತು. ತಳ್ಳಿದೆ. 12 ಸೇರಿತು, 24 ಕೂಡ ಸೇರಿತು. ಮೇಳ ಕಟ್ಟಿದವರನ್ನು ಸುಮ್ನೆ ಬೈದುಕೊಂಡಿದ್ದೆ. ಈಗ 16ರಲ್ಲಿ ಮಾತ್ರ ತಂತಿ ಝುಂಯ್ ಅನ್ನುತ್ತಿದೆ. ಅದೊಂದನ್ನು ಬಿಸಿ ಮಾಡಿ ಒತ್ತಬಹುದಾ?

ಹಳೇ_ಬಿರಡೆ: 16 ಮುಟ್ಟಬೇಡಿ. ಒತ್ತಿದರೆ ಇನ್ನೂ ತಗ್ಗಿ ಜಾಸ್ತಿ ಅದುರುತ್ತದೆ. 17 ಎತ್ತರವಾಗಿರಬಹುದು. 16, 17, 18ರ ಮೇಲೆ ಚಿಕ್ಕ ಸ್ಕೇಲ್ ಇಡಿ. 17ರ ಮೇಲೆ ಸ್ಕೇಲ್ ಅಲ್ಲಾಡಿದರೆ ತಗ್ಗಿಸಬೇಕಾದ್ದು ಅದೇ. ಪಕ್ಕದಿಂದ ಫೋಟೋ ಹಾಕಿ.

ತಂತಿ_ಮೀಟು: ನನ್ನದರಲ್ಲಿ ಸ್ಕ್ರೂ ತಿರುಗಿಸಿದರೆ ಆಯ್ತು. ಪಿಕಪ್ ಕೂಡ ಹಾಕಿಸಿದ್ದೇನೆ. ಫೋಟೋ ಹಾಕಲಾ?

ಸಾರಣಿ: ಹಾಕಿ. ನನ್ನದು ಹಲಸಿನ ಏಕಾಂಡ ವೀಣೆ, ಒಂದೇ ಮರದ ತುಂಡಿನಲ್ಲಿ ಕೊರೆದದ್ದು. ನಾನೂ ಹಾಕುತ್ತೇನೆ.