ಪದಚರ್ಚೆ: ಕಂಪನಿಗಳ 'ಅಕೌಂಟಬಿಲಿಟಿ'ಗೆ ಯಾವ ಪದ?

ಎಲ್ಲರಿಗೂ ನಮಸ್ಕಾರ,

ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡೋ ಹೆಣ್ಮಕ್ಕಳಿಗೆ ಹಂಚೋಕೆ ಒಂದು ಸಣ್ಣ ಪುಸ್ತಿಕೆ ಬರೀತಿದ್ದೀನಿ, ವ್ಯಾಪಾರ ಮತ್ತು ಮಾನವ ಹಕ್ಕುಗಳ ಬಗ್ಗೆ 2011ರಲ್ಲಿ ವಿಶ್ವಸಂಸ್ಥೆ ಒಪ್ಪಿದ 31 ಮಾರ್ಗದರ್ಶಿ ತತ್ವಗಳು ಇವೆಯಲ್ಲ, ಅದರ ಬಗ್ಗೆ. ಅಲ್ಲಿ ಸರ್ಕಾರಕ್ಕೆ ಡ್ಯೂಟಿ, ಕಂಪನಿಗೆ ರೆಸ್ಪಾನ್ಸಿಬಿಲಿಟಿ ಅಂತ ಬೇಕಂತಲೇ ಬೇರೆ ಪದ ಇಟ್ಟಿದ್ದಾರೆ, ಮೊದಲನೇದು ಕಾನೂನಿನ ಕಟ್ಟು, ಎರಡನೇದು ಅಷ್ಟು ಬಿಗಿ ಇಲ್ಲ. ಇದರ ಮೇಲೆ ಅಕೌಂಟಬಿಲಿಟಿ ಬೇರೆ, ಅಂದ್ರೆ ಆದದ್ದಕ್ಕೆ ಕೇಳಿದಾಗ ಉತ್ತರ ಕೊಡಲೇಬೇಕಾದ ಸ್ಥಿತಿ. ನಮ್ಮಲ್ಲಿ ಎಷ್ಟೋ ಸಲ ಮೂರಕ್ಕೂ ಹೊಣೆಗಾರಿಕೆ ಅಂತ ಬರೆದುಬಿಡ್ತಾರೆ.

ನಾನು ಮೊದಲೆರಡಕ್ಕೆ ಕರ್ತವ್ಯ, ಜವಾಬ್ದಾರಿ ಅಂತ ಇಟ್ಕೊಂಡೆ. ಮೂರನೇದಕ್ಕೆ ಉತ್ತರದಾಯಿತ್ವ ಅಂದ್ರೆ ಪೇಪರ್‌ನಲ್ಲಿ ನಡೆಯುತ್ತೆ, ಪೀಣ್ಯದಲ್ಲಿ ಶಿಫ್ಟ್ ಮುಗಿಸಿ ಬಂದವರಿಗೆ ಓದಿ ಹೇಳಿದ್ರೆ "ಹಂಗಂದ್ರೇನಕ್ಕ" ಅಂತಾರೆ.

ವಿಷಯ ಮಾತ್ರ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. 2020ರ ಏಪ್ರಿಲ್‌ನಿಂದ ಸಿಗಬೇಕಿದ್ದ ತುಟ್ಟಿಭತ್ಯೆ, ತಿಂಗಳಿಗೆ 417 ರೂಪಾಯಿ ಚಿಲ್ಲರೆ, ಸರ್ಕಾರ ಮುಂದಕ್ಕೆ ಹಾಕ್ತು, ಹೈಕೋರ್ಟ್ ಕೊಡಿ ಅಂದಮೇಲೂ ಎಷ್ಟೋ ಫ್ಯಾಕ್ಟ್ರಿಗಳು ಕೇಸು ಇನ್ನೂ ಕೋರ್ಟಲ್ಲಿದೆ ಅಂತ ಕೊಡಲಿಲ್ಲ, 4 ಲಕ್ಷಕ್ಕೂ ಹೆಚ್ಚು ಜನರ ಸಂಬಳದಲ್ಲಿ ಅದು ಕಾಣಲೇ ಇಲ್ಲ. ಯೂನಿಯನ್‌ಗಳು ಬಟ್ಟೆ ಕೊಳ್ಳೋ ವಿದೇಶಿ ಬ್ರ್ಯಾಂಡ್‌ಗಳ ಬೆನ್ನುಬಿದ್ದ ಮೇಲೆ 2022ರಲ್ಲಿ ಬಾಕಿ ಬರೋಕೆ ಶುರುವಾಯ್ತು. ನಾನೂರು ರೂಪಾಯಿ ಅಂದ್ರೆ ಆ ಮನೆಗಳಲ್ಲಿ ಒಂದು ತಿಂಗಳ ಹಾಲಿನ ದುಡ್ಡು, ಸಣ್ಣ ಮೊತ್ತ ಅಂತ ಯಾರೂ ಹೇಳಬೇಡಿ.

ಇಲ್ಲಿ ಫ್ಯಾಕ್ಟ್ರಿ ಕೊಡದಿದ್ರೆ ಬ್ರ್ಯಾಂಡನ್ನ ಕೇಳಬಹುದು ಅನ್ನೋ ಅರ್ಥ ಪದದಲ್ಲೇ ಬರಬೇಕು. ಹಾಗಾಗಿ ಹೊಣೆ ಅನ್ನೋದರ ಹಳೇ ಅರ್ಥ ನೆನಪಾಯ್ತು, ಸಾಲಕ್ಕೆ 'ಹೊಣೆ ನಿಲ್ಲೋದು', ತಗೊಂಡೋನು ಕಟ್ಟದಿದ್ರೆ ಹೊಣೆ ನಿಂತವನ ಬಾಗಿಲಿಗೆ ಹೋಗ್ತಾರೆ. 2013ರಲ್ಲಿ ಬಾಂಗ್ಲಾದೇಶದಲ್ಲಿ ಗಾರ್ಮೆಂಟ್ಸ್ ಫ್ಯಾಕ್ಟ್ರಿಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತಮೇಲೆ ಫ್ರಾನ್ಸ್ 2017ರಲ್ಲಿ ತಂದ ಕಾನೂನಿನಲ್ಲೂ ದೊಡ್ಡ ಕಂಪನಿಗಳು ತಮ್ಮ ಗುತ್ತಿಗೆದಾರರ ಕಡೆ ಆಗೋ ಅನ್ಯಾಯದ ಮೇಲೂ ಕಣ್ಣಿಡಬೇಕು, ಇಲ್ಲಾಂದ್ರೆ ಕೋರ್ಟಿಗೆಳೀಬಹುದು.

ನಿಮ್ಮ ಕಡೆ ಹೊಣೆ ನಿಲ್ಲೋದು ಇನ್ನೂ ಬಳಕೆಯಲ್ಲಿದೆಯಾ ಅಥವಾ ಜಾಮೀನು ಅದನ್ನ ಪೂರ್ತಿ ನುಂಗಿಬಿಟ್ಟಿದೆಯಾ? ಉತ್ತರ ಕರ್ನಾಟಕದವರು 'ಜವಾಬು ಕೊಡು' ಅನ್ನೋದನ್ನ ಈ ಅರ್ಥಕ್ಕೆ ಬಳಸ್ತೀರಾ?

ಇನ್ನೊಂದು, ಆ ತತ್ವಗಳಲ್ಲಿ ಬರೋ ರೆಮಿಡಿಗೆ (ಆದ ಅನ್ಯಾಯ ಸರಿಪಡಿಸೋದು) ಪರಿಹಾರ ಅಂದ್ರೆ ಜನ ಬರೀ ದುಡ್ಡು ಅಂದ್ಕೋತಾರೆ, ಕೆಲಸ ವಾಪಸ್ ಕೊಡೋದು, ಕ್ಷಮೆ ಕೇಳೋದು ಎಲ್ಲ ಸೇರೋ ಪದ ಯಾವುದಾದ್ರೂ ಇದ್ರೆ ತಿಳಿಸಿ.